ಗೋಡೆಯ ಸ್ವಿಚ್ ಪೆಟ್ಟಿಗೆ ಸಡಿಲಾದಾಗ



ಪ್ರತಿಸಲ ನಾನು ತಮ್ಮೆದುರು ಬೀಜ, ಗೊಬ್ಬರ, ಕೀಟ, ರೋಗ ಇವುಗಳ ಮಾತನ್ನೇ ತರುವವನು. ಈ ಸಲ ಹೊಲ ಬಿಟ್ಟು ಮನೆಯೊಳಗೆ ಬಂದಿದ್ದೇನೆ. ಪಡಸಾಲೆಯ ಗೋಡೆಯಲ್ಲಿ ಕೂತಿರುವ ಸ್ವಿಚ್ಚಿನ ಪೆಟ್ಟಿಗೆಯ ಬಗ್ಗೆ ಎರಡು ಮಾತು ಹೇಳಬೇಕಾಗಿದೆ. ಒಕ್ಕಲುತನದ ಡಿಪ್ಲೊಮಾ ಓದಿದವನಿಗೆ ಕರೆಂಟಿನ ಉಸಾಬರಿ ಯಾಕೆ ಎಂದು ತಾವು ಕೇಳಬಹುದು. ಅದಕ್ಕೆ ಕಾರಣ ಒಂದು ಎಮ್ಮೆ.

ಮಿರಗದ ಮಳೆ ಬಿದ್ದು ಎಂಟು ದಿನವಾಗಿತ್ತು. ಬೀಳಗಿ ತಾಲೂಕಿನ ಒಂದು ಹಳ್ಳಿಗೆ ತೊಗರಿ ಬೀಜೋಪಚಾರ ತೋರಿಸಲು ಹೋಗಿದ್ದೆ. ಒಂದು ಮನೆಯ ಆಯಿ ನನ್ನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದರು. "ಸಾಹೇಬ್ರ, ಬೀಜದ ಮಾತು ಆಮ್ಯಾಲ ಆಗ್ಲಿ. ನಮ್ಮ ಎಮ್ಮಿ ನಾಕು ದಿನದಿಂದ ಗ್ವಾದಲಿ ಕಡೆ ಹೋಗವಲ್ದು. ಹಗ್ಗ ಕಟ್ಟಿದ್ರ ಜಿಗಿದಾಡತೈತಿ. ಹಾಲೂ ಅರ್ಧಕ್ಕ ಬಂದಾವ. ದೃಷ್ಟಿ ಆಗೈತೇನೋ ಅಂತ ನಿಂಬಿಹಣ್ಣು ಇಳಿಸಿದ್ವಿ, ಏನೂ ಆಗಲಿಲ್ಲ."

ನಮ್ಮ ಕಡೆಯ ಹಳೆಯ ಮನೆಗಳ ಕಟ್ಟಡ ತಮಗೆ ಗೊತ್ತೇ ಇದೆ. ಮುಂದೆ ದನದ ಅಂಕಣ, ಅದಕ್ಕೆ ಹತ್ತಿ ಮೇಲೆ ಪಡಸಾಲೆ, ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಮಣ್ಣಿನ ಮಾಳಿಗೆ. ಎಮ್ಮೆ ಕಟ್ಟುವ ಕಬ್ಬಿಣದ ಬಳೆ ಗೋಡೆಯ ಈ ಮಗ್ಗುಲು. ಅದೇ ಗೋಡೆಯ ಆ ಮಗ್ಗುಲಿಗೆ, ಅಷ್ಟೇ ಎತ್ತರದಲ್ಲಿ, ಒಂದು ಸ್ವಿಚ್ಚಿನ ಪೆಟ್ಟಿಗೆ. ಮಾಳಿಗೆ ಸೋರಿ ಗೋಡೆ ನೆನೆದಿತ್ತು. ಪೆಟ್ಟಿಗೆ ಅರ್ಧ ಹೊರಗೆ ಬಂದು ತಂತಿಯ ಮೇಲೆ ಜೋತುಬಿದ್ದಿತ್ತು. ಕೂಸಿನ ತೊಟ್ಟಿಲು ಅದರ ಕೆಳಗೇ ಇತ್ತು. "ಆಯಿ, ಈ ಗ್ವಾಡಿ ಮುಟ್ಟಿದ್ರ ಏನರ ಆಗತೈತೇನು?" ಎಂದು ಕೇಳಿದೆ. "ಸೊಸಿ ಅಂತಿದ್ಲಪಾ, ಬರೆಗಾಲಲೆ ನಿಂತು ಮುಟ್ಟಿದ್ರ ಜುಮ್ಮ್ ಅಂತೈತಿ ಅಂತ. ನಾವು ಥಂಡಿ ಇದ್ದೀತು ಅಂದ್ವಿ" ಎಂದರು.

ಅದು ಥಂಡಿಯಲ್ಲ. ಪೆಟ್ಟಿಗೆಯೊಳಗಿನ ಕರೆಂಟಿನ ತಂತಿಯ ಸಿಪ್ಪೆ ತಗಡಿನ ಅಂಚಿಗೆ ಉಜ್ಜಿ ಸವೆದು, ತಗಡಿಗೆ ಕರೆಂಟು ಬಂದಿತ್ತು. ತಗಡಿನಿಂದ ಒದ್ದೆ ಗೋಡೆಗೆ, ಗೋಡೆಯಿಂದ ಬಳೆಗೆ, ಬಳೆಯಿಂದ ಎಮ್ಮೆಗೆ. ದನಗಳಿಗೆ ಕಾಲಲ್ಲಿ ಚಪ್ಪಲಿ ಇಲ್ಲ. ಉಚ್ಚೆ ಸಗಣಿಯ ಒದ್ದೆ ನೆಲದ ಮೇಲೆ ನಾಲ್ಕೂ ಕಾಲು ಊರಿ ನಿಲ್ಲುತ್ತವೆ. ಆದುದರಿಂದ ಮನುಷ್ಯನಿಗೆ ತಿಳಿಯದಷ್ಟು ಸಣ್ಣ ಸೋರಿಕೆಯೂ ದನಕ್ಕೆ ಮೊದಲು ತಿಳಿಯುತ್ತದೆ. ಹಾಲು ಸೊರ ಬಿಡುವುದಿಲ್ಲ, ನೀರು ಕುಡಿಯಲು ಬರುವುದಿಲ್ಲ, ಕಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಕಾರಣವಿಲ್ಲದೆ ದನ ಒಂದು ಗೋಡೆಯನ್ನೋ, ಒಂದು ತಗಡನ್ನೋ ಕಂಡು ಹಿಂಜರಿದರೆ, ನಿಂಬೆಹಣ್ಣಿಗಿಂತ ಮೊದಲು ಮೇನ್ ಸ್ವಿಚ್ ನೆನಪಾಗಬೇಕು.

ಅಂದು ನಾನು ಮಾಡಿದ್ದು ಇಷ್ಟೇ. ಮೇನ್ ಸ್ವಿಚ್ ಇಳಿಸಿದೆ, ಫ್ಯೂಜು ಕಿತ್ತು ಆಯಿಯ ಕೈಗೆ ಕೊಟ್ಟೆ, ತೊಟ್ಟಿಲು ಬೇರೆ ಕಡೆ ಕಟ್ಟಿಸಿದೆ, ವೈರ್‌ಮನ್ ಬರುವವರೆಗೆ ಕಂದೀಲು ಹಚ್ಚಿರಿ ಎಂದೆ. ಸಂಜೆಗೆ ಎಮ್ಮೆ ತಾನಾಗಿ ಗ್ವಾದಲಿಗೆ ಬಂತು. ಮುಂದಿನ ನಾಲ್ಕು ದಿನ ಒಬ್ಬ ಅನುಭವಸ್ಥ ವೈರ್‌ಮನ್ನರ ಜೊತೆಗೂ ಒಬ್ಬ ಗೌಂಡಿಯ ಜೊತೆಗೂ ಕೂತು ನಾನು ಕೇಳಿ, ನೋಡಿ ತಿಳಿದುಕೊಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಪೆಟ್ಟಿಗೆ ಯಾಕೆ ಕೆಡುತ್ತದೆ ಎಂಬುದನ್ನು ನೋಡೋಣ. ನಾವು ಪ್ಲಗ್ಗನ್ನು ಕೀಳುವಾಗ ಅದರ ತಲೆ ಹಿಡಿದು ಕೀಳುವುದಿಲ್ಲ, ವೈರು ಹಿಡಿದು ಎತ್ತಿನ ಮೂಗುದಾಣ ಜಗ್ಗಿದ ಹಾಗೆ ಜಗ್ಗುತ್ತೇವೆ. ಒಂದೊಂದು ಜಗ್ಗಿಗೂ ಪೆಟ್ಟಿಗೆ ಗೋಡೆಯಲ್ಲಿ ಒಂದು ಕೂದಲೆಳೆ ಅಲುಗುತ್ತದೆ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಉಬ್ಬಿ, ಬ್ಯಾಸಿಗೆಯಲ್ಲಿ ಕುಗ್ಗುತ್ತದೆ. ಎರೆಯ ಮೇಲೆ ಕಟ್ಟಿದ ಮನೆಯಾದರೆ ಬುನಾದಿಯೇ ಏರಿಳಿದು ಗೋಡೆ ಸೀಳುತ್ತದೆ. ಪೆಟ್ಟಿಗೆಯ ಸುತ್ತ ಸಂದು ಬಿಟ್ಟ ಮೇಲೆ ಅದರಲ್ಲಿ ಹಲ್ಲಿ, ಜಿರಳೆ ಸೇರುತ್ತವೆ, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟುತ್ತದೆ, ಕಟ್ಟಿಗೆಯ ಹಲಗೆಯಾಗಿದ್ದರೆ ಒರಲೆ ಹತ್ತುತ್ತದೆ. ಇನ್ನು ಯುಗಾದಿಗೋ ದೀಪಾವಳಿಗೋ ಮನೆಗೆ ಸುಣ್ಣ ಬಳಿಯುವಾಗ ಬ್ರಶ್ಶಿನ ನೀರು ಸ್ವಿಚ್ಚಿನ ಸಂದಿನೊಳಗೆ ಇಳಿಯುತ್ತದೆ. ಸುಣ್ಣದ ನೀರು ಸಾದಾ ನೀರಿಗಿಂತ ಕೆಟ್ಟದ್ದು. ಒಣಗಿದ ಮೇಲೂ ಅದರ ಪುಡಿ ಒಳಗೆ ಉಳಿದು, ಥಂಡಿ ಹಿಡಿದಾಗ ಮತ್ತೆ ಕರೆಂಟು ಹರಿಯಲು ದಾರಿ ಮಾಡುತ್ತದೆ, ತಿರುಪುಗಳನ್ನು ತಿನ್ನುತ್ತದೆ. ಸುಣ್ಣ ಬಳಿಯುವ ದಿನ ಮೇನ್ ಇಳಿಸಿಯೇ ಬಳಿಯಿರಿ. ಬ್ರಶ್ಶು ಹಿಡಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳೇ, ಕೈ ಒದ್ದೆ, ಕಾಲು ಒದ್ದೆ.

ಇನ್ನೊಂದು ಕಾರಣ ಭಾರ. ಎತ್ತಿನ ಬಂಡಿಗೆ ಟ್ರ್ಯಾಕ್ಟರಿನ ಹೇರು ಹೇರಿದರೆ ಅಚ್ಚು ಮುರಿಯುವುದಿಲ್ಲವೇ? ಸಣ್ಣ ಪ್ಲಗ್ಗು 6 ಆಂಪಿಯರಿನದು, ಹಳೆಯದಾದರೆ 5 ಆಂಪಿಯರಿನದು. ನೀರು ಕಾಯಿಸುವ 1500 ವ್ಯಾಟಿನ ರಾಡು 230 ವೋಲ್ಟಿನ ಮೇಲೆ ಆರೂವರೆ ಆಂಪಿಯರ್ ಎಳೆಯುತ್ತದೆ. ದಿನವೂ ಅರ್ಧ ತಾಸು ಅದನ್ನು ಸಣ್ಣ ಪ್ಲಗ್ಗಿಗೆ ಹಾಕಿದರೆ ಒಳಗಿನ ಹಿತ್ತಾಳೆಯ ತುಟಿ ಕಾಯ್ದು ಸಡಿಲಾಗುತ್ತದೆ. ಸಡಿಲಾದದ್ದು ಇನ್ನಷ್ಟು ಕಾಯುತ್ತದೆ. ಕಡೆಗೆ ಪ್ಲಾಸ್ಟಿಕ್ಕು ಕರಗಿ ಸುಟ್ಟ ವಾಸನೆ ಬರುತ್ತದೆ. ಇಂಥ ಉಪಕರಣಕ್ಕೆ ದೊಡ್ಡ ಮೂರು ಕಾಲಿನ 16 ಆಂಪಿಯರ್ ಪ್ಲಗ್ಗೇ ಆಗಬೇಕು, ಅದಕ್ಕೆ ತಕ್ಕ ದಪ್ಪ ತಂತಿಯೂ ಬೇಕು. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿರುವುದು, ಒಳಗಿನಿಂದ ಚಿರ್ ಚಿರ್ ಸಪ್ಪಳ, ಲೈಟು ಮಿಣಮಿಣ ಎನ್ನುವುದು, ಸ್ವಿಚ್ಚಿನ ಮೇಲೆ ಕಂದು ಕಲೆ, ಮೀನು ಸುಟ್ಟಂಥ ಕಮಟು ವಾಸನೆ ಇವು ಕಂಡ ದಿನವೇ ಆ ಪೆಟ್ಟಿಗೆಯನ್ನು ಬಂದ್ ಮಾಡತಕ್ಕದ್ದು.

ಈಗ ಮುಖ್ಯವಾದ ಪ್ರಶ್ನೆ: ಇದರಲ್ಲಿ ಯಾವ ಕೆಲಸ ನಮ್ಮದು, ಯಾವುದು ಅಲ್ಲ?

ಕಂಬದಿಂದ ಮೀಟರಿನವರೆಗೆ ಇರುವುದು ವಿದ್ಯುತ್ ಕಂಪನಿಯ ಸ್ವತ್ತು. ನಮ್ಮ ಜಿಲ್ಲೆಯಲ್ಲಿ ಅದು ಹೆಸ್ಕಾಂ. ಮೀಟರಿನ ಸೀಲು, ಮೀಟರಿನ ಹಿಂದಿನ ತಂತಿ ಇವನ್ನು ಯಾವ ಕಾರಣಕ್ಕೂ ಮುಟ್ಟಕೂಡದು. ಅಲ್ಲಿ ಕೆಟ್ಟರೆ 1912ಕ್ಕೆ ಫೋನ್ ಮಾಡಿ ದೂರು ಕೊಡಿರಿ. ಮೀಟರಿನಿಂದ ಈಚೆಗೆ ಇರುವುದು ನಮ್ಮದು. ಆದರೆ ನಮ್ಮದು ಎಂದ ಮಾತ್ರಕ್ಕೆ ಎಲ್ಲವನ್ನೂ ನಾವೇ ಬಿಚ್ಚಬಹುದು ಎಂದಲ್ಲ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ, 250 ವೋಲ್ಟಿಗೆ ಮೀರದ ಮನೆಯಲ್ಲಿ ದೀಪ, ಫ್ಯಾನು, ಫ್ಯೂಜು, ಸ್ವಿಚ್ಚು ಇಂಥವನ್ನು ಇದ್ದ ಹಾಗೆ ಬದಲಿಸಿ ಹಾಕುವುದಕ್ಕೆ ಅಡ್ಡಿಯಿಲ್ಲ. ಹೊಸ ತಂತಿ ಎಳೆಯುವುದು, ಪೆಟ್ಟಿಗೆಯ ಜಾಗ ಬದಲಿಸುವುದು, ಪ್ಲಗ್ಗು ಹೆಚ್ಚಿಸುವುದು ಇವೆಲ್ಲ ಪರವಾನಿಗೆ ಇದ್ದ ಗುತ್ತಿಗೆದಾರರ ಕಡೆಯಿಂದಲೇ ಆಗಬೇಕು. ಆದುದರಿಂದ ನನ್ನ ಲೆಕ್ಕ ಹೀಗೆ: ಗೋಡೆ, ಗಾರೆ, ತಿರುಪು, ಒಡೆದ ಮುಚ್ಚಳ, ಕೆಟ್ಟ ಸ್ವಿಚ್ಚು ಇವು ಕೈಗಾರಿಕೆ ಬಲ್ಲ ಮನೆಯವರದು. ಸುಟ್ಟ ತಂತಿ, ಕರಗಿದ ಪ್ಲಗ್ಗು, ಕರೆಂಟು ಹಾಯುವ ಗೋಡೆ ಇವು ವೈರ್‌ಮನ್ನರದು. ಇನ್ನೂರು ಮುನ್ನೂರು ರೂಪಾಯಿ ಉಳಿಸಲು ಹೋಗಿ ಜೀವ ಅಡವಿಡುವುದು ಒಕ್ಕಲಿಗನ ಲೆಕ್ಕವಲ್ಲ.

ಕೆಲಸಕ್ಕೆ ಕೈ ಹಾಕುವ ಮುಂಚೆ ಕರೆಂಟು ನಿಂತಿದೆ ಎಂದು ಖಾತ್ರಿ ಮಾಡಿಕೊಳ್ಳುವುದೇ ಅರ್ಧ ಕೆಲಸ. ಇದರ ಮೇಲೆ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ, ಬೇಸರ ಮಾಡಿಕೊಳ್ಳಬೇಡಿರಿ. ಯಾಕಂದ್ರ ಇದರಲ್ಲಿ ನಾನೇ ಒಮ್ಮೆ ತಪ್ಪಿದ್ದೇನೆ. ಮನೆಯಲ್ಲಿ ಕರೆಂಟು ಹೋಗಿತ್ತು. ಹೇಗೂ ಹೋಗಿದೆಯಲ್ಲ ಎಂದು ಮೇನ್ ಇಳಿಸದೆ ಒಂದು ಮುಚ್ಚಳ ಬಿಚ್ಚಿದೆ. ತಿರುಪುಳಿ ಒಳಗಿದ್ದಾಗಲೇ ಕರೆಂಟು ಬಂತು. ಮೊಣಕೈವರೆಗೆ ಹೊಡೆದ ಪೆಟ್ಟಿಗೆ ನಾನು ಹಿಂದಕ್ಕೆ ಬಿದ್ದೆ. ಮರದ ಸ್ಟೂಲಿನ ಮೇಲೆ ಇದ್ದೆನೆಂದು ಇಂದು ತಮ್ಮೊಡನೆ ಮಾತಾಡುತ್ತಿದ್ದೇನೆ. ಹೋದ ಕರೆಂಟು ಹೇಳಿ ಕೇಳಿ ಬರುವುದಿಲ್ಲ.

ಮೇನ್ ಸ್ವಿಚ್ ಇಳಿಸಿರಿ. ಹಳೆಯ ಪಿಂಗಾಣಿ ಫ್ಯೂಜು ಇದ್ದರೆ ಅದನ್ನು ಕಿತ್ತು ನಿಮ್ಮ ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಿರಿ. ಜೇಬಿನಲ್ಲಿದ್ದ ಫ್ಯೂಜನ್ನು ಹೊಲದಿಂದ ಬಂದ ಮಗ ಹಾಕಲಾರ. ಹೊಸ ಎಂಸಿಬಿ ಇದ್ದರೆ ಕೆಳಗೆ ಮಾಡಿ ಅದರ ಮೇಲೆ ಚೀಟಿ ಅಂಟಿಸಿರಿ, ಮನೆಮಂದಿಗೆಲ್ಲ ಹೇಳಿರಿ, ಹತ್ತಿರ ಒಬ್ಬರನ್ನು ನಿಲ್ಲಿಸಿರಿ. ಇನ್ವರ್ಟರ್ ಇದ್ದ ಮನೆಯಾದರೆ ಎಚ್ಚರ: ಮೇನ್ ಇಳಿಸಿದ ಕೂಡಲೆ ಅದು ತಾನೇ ಚಾಲೂ ಆಗಿ ಕೆಲವು ಪೆಟ್ಟಿಗೆಗಳಿಗೆ ಬ್ಯಾಟರಿಯಿಂದ ಪೂರಾ 230 ವೋಲ್ಟ್ ಕೊಡುತ್ತದೆ. ಅದನ್ನೂ ಬಂದ್ ಮಾಡಿ, ಅದರ ಹೊರಹೋಗುವ ಪ್ಲಗ್ಗು ಕೀಳಬೇಕು.

ಆಮೇಲೆ ಟೆಸ್ಟರ್. ನೇರ ಕೆಟ್ಟ ಪೆಟ್ಟಿಗೆಗೆ ಟೆಸ್ಟರ್ ಹಚ್ಚಿ, ದೀಪ ಹತ್ತಲಿಲ್ಲ, ಆದ್ದರಿಂದ ಕರೆಂಟಿಲ್ಲ ಎನ್ನಬೇಡಿರಿ. ಟೆಸ್ಟರೇ ಕೆಟ್ಟಿದ್ದರೆ? ಮೇನ್ ಇಳಿಸುವ ಮುಂಚೆ ಚಾಲೂ ಇರುವ ಪ್ಲಗ್ಗಿನಲ್ಲಿ ಹಚ್ಚಿ ದೀಪ ಹತ್ತುವುದನ್ನು ಕಣ್ಣಾರೆ ನೋಡಬೇಕು. ಆಮೇಲೆ ಇಳಿಸಿ, ಕೆಟ್ಟ ಪೆಟ್ಟಿಗೆಯ ಪ್ರತಿಯೊಂದು ತಂತಿಗೂ, ತಗಡಿಗೂ ಹಚ್ಚಿ ನೋಡಬೇಕು. ಒಂದೇ ತಂತಿ ನೋಡಿ ಬಿಡಬಾರದು, ಏಕೆಂದರೆ ಒಂದೇ ಪೆಟ್ಟಿಗೆಗೆ ಎರಡು ಕಡೆಯಿಂದ ಕರೆಂಟು ಬಂದಿರುವ ಮನೆಗಳೂ ಉಂಟು. ಮೂರು ಫೇಜಿನ ಮನೆಯಲ್ಲಿ ಒಂದೇ ಪೆಟ್ಟಿಗೆಯೊಳಗೆ ಎರಡು ಫೇಜು ಸೇರಿದ್ದರೆ ಅವುಗಳ ನಡುವೆ 400 ವೋಲ್ಟ್ ಇರುತ್ತದೆ. ಟೆಸ್ಟರ್ ಮಬ್ಬಾಗಿ ಹತ್ತಿದರೂ ಕೈ ಹಾಕಬೇಡಿರಿ. ನೀವು ಒಣ ಹಲಗೆಯ ಮೇಲೆ ನಿಂತಿದ್ದರೆ ಪೂರಾ ಕರೆಂಟಿದ್ದಾಗಲೂ ಅದು ಮಬ್ಬಾಗಿಯೇ ಹತ್ತುತ್ತದೆ.

ಕರೆಂಟು ನಿಂತಿತೆಂದು ಖಾತ್ರಿಯಾದ ಮೇಲೆ ಮುಚ್ಚಳ ಬಿಚ್ಚಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳುವುದು ಬಹಳ ಉತ್ತಮ. ಯಾವ ತಂತಿ ಎಲ್ಲಿತ್ತೆಂಬ ಜಗಳವೇ ಬರುವುದಿಲ್ಲ. ಸಾಮಾನ್ಯವಾಗಿ ಕೆಂಪು, ಹಳದಿ, ನೀಲಿ ಇವು ಕರೆಂಟಿನ ಫೇಜು, ಕಪ್ಪು ನ್ಯೂಟ್ರಲ್, ಹಸಿರು ಭೂಮಿಯ ತಂತಿ, ಅಂದರೆ ಅರ್ಥಿಂಗ್. ಹಾಗೆಂದು ಬಣ್ಣವನ್ನು ಪೂರಾ ನಂಬಬೇಡಿರಿ. ಕೈಗೆ ಸಿಕ್ಕ ವೈರಿನಲ್ಲಿ ಕೆಲಸ ಮುಗಿಸಿ ಹೋದ ಮನೆಗಳನ್ನು ನಾನು ಕಂಡಿದ್ದೇನೆ. ಕೆಲವು ಕಡೆ ಸ್ವಿಚ್ಚನ್ನು ಫೇಜಿಗೆ ಹಾಕುವ ಬದಲು ನ್ಯೂಟ್ರಲ್ಲಿಗೆ ಹಾಕಿರುತ್ತಾರೆ. ಆಗ ಸ್ವಿಚ್ಚು ಆರಿಸಿದರೂ ಬಲ್ಬಿನ ಹೋಲ್ಡರಿನಲ್ಲಿ ಕರೆಂಟು ಕಾಯುತ್ತ ಕೂತಿರುತ್ತದೆ. ಇದು ಕಂಡರೆ ವೈರ್‌ಮನ್ನರಿಗೆ ಹೇಳಿ ಸರಿಪಡಿಸಿಕೊಳ್ಳಿರಿ.

ಒಳಗೆ ನೋಡಬೇಕಾದದ್ದು: ತಂತಿಯ ಸಿಪ್ಪೆ ಕರ್ರಗೆ ಸುಟ್ಟಿದೆಯೋ, ಮುಟ್ಟಿದರೆ ಕಡಲೆ ಸಿಪ್ಪೆಯಂತೆ ಉದುರುತ್ತದೆಯೋ, ತಗಡಿನ ತೂತಿನ ಅಂಚಿಗೆ ಉಜ್ಜುತ್ತಿದೆಯೋ, ಹಸಿರು ತಂತಿ ಎಲ್ಲಿಗೂ ಕೂಡದೆ ಸುಮ್ಮನೆ ಮಡಚಿಟ್ಟಿದೆಯೋ. ತಂತಿ ಹೊಕ್ಕುವ ತೂತಿಗೆ ರಬ್ಬರಿನ ಬುಶ್ ಇರಲೇಬೇಕು. ಅದರ ಬೆಲೆ ಒಂದು ಚಹಾಕ್ಕಿಂತ ಕಡಿಮೆ. ಆ ಆಯಿಯ ಮನೆಯಲ್ಲಿ ಇದ್ದಿದ್ದರೆ ಎಮ್ಮೆಗೆ ದೃಷ್ಟಿ ತೆಗೆಯುವ ಪ್ರಸಂಗ ಬರುತ್ತಿರಲಿಲ್ಲ. ಹಾಲಿನ ಪಾಕೀಟಿನ ಹಾಳೆ, ಔಷಧದ ಪಟ್ಟಿ ಇವನ್ನು ಸುತ್ತಿ ಜೋಡಿಸಿದ ತಂತಿ ಕಂಡರೆ ಅಲ್ಲಿಗೇ ನಿಲ್ಲಿಸಿ ವೈರ್‌ಮನ್ನರನ್ನು ಕರೆಯಿರಿ. ಮೂರು ಕಾಲಿನ ಪ್ಲಗ್ಗಿನ ತೂತುಗಳನ್ನು ಎದುರು ನಿಂತು ನೋಡಿದಾಗ ಮೇಲಿನ ದೊಡ್ಡದು ಭೂಮಿ, ಬಲಗಡೆಯದು ಫೇಜು, ಎಡಗಡೆಯದು ನ್ಯೂಟ್ರಲ್. ಇದನ್ನು ಬಾಯಿಪಾಠ ಮಾಡಿರಿ.

ಇನ್ನು ಗೋಡೆಯ ಕೆಲಸ. ಇದರಲ್ಲಿ ನಮ್ಮ ಮಂದಿ ಮಾಡುವ ತಪ್ಪು ಒಂದೇ ಥರದ್ದು. ಪೆಟ್ಟಿಗೆ ಸಡಿಲಾಯಿತೋ, ಒಂದು ಬೊಗಸೆ ಸಿಮೆಂಟು ಕಲಿಸಿ ಮೆತ್ತಿಬಿಡುವುದು. ಇಟ್ಟಿಗೆಯ ಗೋಡೆಗೆ, ಪುನರ್ವಸತಿ ಕೇಂದ್ರಗಳಲ್ಲಿ ಕಟ್ಟಿದಂಥ ಸಿಮೆಂಟಿನ ಮನೆಗಳಿಗೆ ಅದು ನಡೆಯುತ್ತದೆ. ಮಣ್ಣಿನ ಗೋಡೆಗೆ ನಡೆಯುವುದಿಲ್ಲ. ಸಿಮೆಂಟು ಬಿರುಸು, ಮಣ್ಣು ಮೆದು. ಮಣ್ಣು ಹಿಗ್ಗಿ ಕುಗ್ಗುವಾಗ ಸಿಮೆಂಟು ಅದರ ಜೊತೆ ಬರುವುದಿಲ್ಲ. ಅದು ಹಿಡಿದದ್ದು ಗೋಡೆಯನ್ನಲ್ಲ, ಮೇಲಿನ ಧೂಳನ್ನು. ಮುಂದಿನ ಬ್ಯಾಸಿಗೆಗೆ ಪೆಟ್ಟಿಗೆ ತನ್ನ ಸಿಮೆಂಟಿನ ಸಮೇತ ಮುದುಕನ ಹಲ್ಲಿನಂತೆ ಕೈಗೆ ಬರುತ್ತದೆ.

ಹಾಗಾದರೆ ಏನು ಮಾಡಬೇಕು? ಸಡಿಲಾದ ಮಣ್ಣನ್ನೆಲ್ಲ ಗಟ್ಟಿ ಸಿಗುವವರೆಗೆ ಕೆರೆದು ತೆಗೆಯಿರಿ. ತೂತಿನ ಆಕಾರ ನಮ್ಮ ಹಗೇವಿನ ಹಾಗೆ ಇರಬೇಕು, ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಆಗ ತುಂಬಿದ ಗಾರೆ ಒಳಗೇ ಬಿಗಿದುಕೊಂಡು ಹೊರಗೆ ಬರಲಾರದು. ಒಳಗೆ ನೀರು ಚಿಮುಕಿಸಿ, ಕಲ್ಲಿನ ಚಿಪ್ಪು ಕೂಡಿಸಿ, ಒಂದು ಪಾಲು ಸುಣ್ಣ, ಮೂರು ಪಾಲು ಉಸುಕಿನ ಗಾರೆ ತುಂಬಬೇಕು. ಸುಣ್ಣದ ಗಾರೆ ಮಣ್ಣಿನ ಜೊತೆ ಹೊಂದುತ್ತದೆ, ಆದರೆ ಗಟ್ಟಿಯಾಗಲು ನಿಧಾನ, ಎಂಟು ಹತ್ತು ದಿನ ತಾಳ್ಮೆ ಬೇಕು. ಕಲ್ಲಿನ ಸಂದಿನಲ್ಲಿ ಇಲ್ಲವೆ ಇಟ್ಟಿಗೆಯಲ್ಲಿ ಪೆಟ್ಟಿಗೆ ಕೂಡಿಸುವುದಾದರೆ ಒಂದು ಪಾಲು ಸಿಮೆಂಟು, ನಾಲ್ಕು ಪಾಲು ಉಸುಕು ಸಾಕು. ಬಾಯಿಗೆ ಬಟ್ಟೆಯೋ ಕಾಗದವೋ ತುರುಕಿ ಗಾರೆ ಪೆಟ್ಟಿಗೆಯೊಳಗೆ ಬೀಳದಂತೆ ನೋಡಿಕೊಳ್ಳಿರಿ, ಕೆಲಸ ಮುಗಿದ ಮೇಲೆ ತಪ್ಪದೆ ತೆಗೆಯಿರಿ. ಪೆಟ್ಟಿಗೆಯ ಅಂಚು ಗಿಲಾಯಿಯ ಮಟ್ಟಕ್ಕೆ ಸರಿಯಾಗಿರಬೇಕು. ಒಳಗೆ ಹೋದರೆ ತಿರುಪು ಮುಟ್ಟುವುದಿಲ್ಲ, ಹೊರಗೆ ಬಂದರೆ ಮುಚ್ಚಳದ ಹಿಂದೆ ಸಂದು ಬಿಟ್ಟು ಮತ್ತೆ ಹಲ್ಲಿ ಬರುತ್ತದೆ.

ಗೌಂಡಿ ಹೇಳಿದ ಒಂದು ಮಾತು ನನಗೆ ಬಹಳ ಹಿಡಿಸಿತು. "ಮಣ್ಣಿನ ಗ್ವಾಡಿಯೊಳಗ ಪೆಟಿಗಿ ಹುಗಸೂದs ಬ್ಯಾಡ್ರಿ. ಮ್ಯಾಲ ಕುಂದರಸ್ರಿ." ನನ್ನ ಅಭಿಪ್ರಾಯವೂ ಅದೇ ಆಗಿದೆ. ಒಣಗಿದ ಬೇವಿನದೋ ಸಾಗವಾನಿಯದೋ ಒಂದು ಹಲಗೆಯನ್ನು ಬಾಗಿಲ ಚೌಕಟ್ಟಿಗೆ ಅಥವಾ ಮರದ ಕಂಬಕ್ಕೆ ಬಿಗಿದು, ಅದರ ಮೇಲೆ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಕೂಡಿಸಿ, ತಂತಿಯನ್ನು ಪಟ್ಟಿಯ ಪೈಪಿನಲ್ಲಿ ಗೋಡೆಯ ಮೇಲಿಂದಲೇ ತರುವುದು. ಚಂದ ಕಾಣುವುದಿಲ್ಲ ಎಂದು ಹೊಸ ಹುಡುಗರು ಮೂಗು ಮುರಿಯುತ್ತಾರೆ. ಆದರೆ ಗೋಡೆ ನೆನೆದರೂ ಪೆಟ್ಟಿಗೆ ನೆನೆಯುವುದಿಲ್ಲ, ಕೆಟ್ಟದ್ದು ಕಣ್ಣಿಗೆ ಕಾಣುತ್ತದೆ. ಆ ಆಯಿಯ ಮನೆಯಲ್ಲಿ ವೈರ್‌ಮನ್ನರು ಹೀಗೆಯೇ ಮಾಡಿದರು. ದನದ ಗೋಡೆ ಬಿಟ್ಟು ಒಳಗಿನ ಒಣ ಗೋಡೆಯ ಚೌಕಟ್ಟಿಗೆ, ಮಗುವಿನ ಕೈಗೆ ನಿಲುಕದ ಎತ್ತರಕ್ಕೆ.

ಒಡೆದ ಪೆಟ್ಟಿಗೆಯನ್ನೇ ಮತ್ತೆ ಹಾಕಬಹುದೇ ಎಂದು ಕೇಳುವಿರಿ. ಮರದ ಹಲಗೆಯಲ್ಲಿ ತಿರುಪಿನ ತೂತು ದೊಡ್ಡದಾಗಿದ್ದರೆ ಗುಲ್ಲು ತೆಗೆದ ಬೆಂಕಿಕಡ್ಡಿಗಳನ್ನು ಬಡಿಗೇರ ಅಂಟಿನಲ್ಲಿ ಅದ್ದಿ ತುರುಕಿ, ಒಣಗಿದ ಮೇಲೆ ತಿರುಪು ಹಾಕಿದರೆ ಹಿಡಿಯುತ್ತದೆ. ಪ್ಲಾಸ್ಟಿಕ್ಕಿನ ಪೆಟ್ಟಿಗೆಯ ತಿರುಪಿನ ಕಿವಿ ಮುರಿದಿದ್ದರೆ, ತಗಡು ತುಕ್ಕು ತಿಂದಿದ್ದರೆ ಹೊಸದೇ ಬೇಕು. ಮುರಿದದ್ದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿರಿ, ಅಳತೆ ತಪ್ಪುವುದಿಲ್ಲ. ಐಎಸ್‌ಐ ಗುರುತು ಇರುವ ಸ್ವಿಚ್ಚು, ಪ್ಲಗ್ಗುಗಳನ್ನೇ ತೆಗೆದುಕೊಳ್ಳಿರಿ.

ಗಾರೆ ಒಣಗುವವರೆಗೆ ಆ ಪೆಟ್ಟಿಗೆಗೆ ಕರೆಂಟು ಕೊಡಬಾರದು. ಇಲ್ಲಿ ಒಂದು ಪೇಚಿದೆ. ಇಡೀ ಮನೆಗೆ ಒಂದೇ ಫ್ಯೂಜಿದ್ದರೆ ಎಂಟು ದಿನ ಕತ್ತಲಲ್ಲಿ ಕೂಡುವುದು ಹೇಗೆ? ಅಂಥಲ್ಲಿ ಆ ಪೆಟ್ಟಿಗೆಯ ದಾರಿಯನ್ನು ಮಾತ್ರ ಮೇನ್ ಬೋರ್ಡಿನಲ್ಲಿಯೇ ಬಿಡಿಸಿ ಕೊಡಲು ವೈರ್‌ಮನ್ನರಿಗೆ ಹೇಳಬೇಕು, ಐದು ನಿಮಿಷದ ಕೆಲಸ. ತಂತಿಯ ತುದಿಗೆ ಟೇಪು ಸುತ್ತಿ ಉಳಿದ ಮನೆಗೆ ಕರೆಂಟು ಹಾಕಿಬಿಡುವವರೂ ಇದ್ದಾರೆ. ಹಸಿ ಗಾರೆಯಲ್ಲಿ ಟೇಪಿನ ಮೇಲೆ ಭರವಸೆ ಇಡಬಾರದು.

ಇಷ್ಟೆಲ್ಲ ಮಾಡಿದರೂ ಗೋಡೆ ನೆನೆಯುತ್ತಲೇ ಇದ್ದರೆ ಎಲ್ಲವೂ ವ್ಯರ್ಥ. ಮಾಳಿಗೆಯ ಮೇಲೆ ಮಿರಗಕ್ಕೆ ಮುಂಚೆ ಕರ್ಲ ಮಣ್ಣು ಹಾಕಿ ಇಳಿಜಾರು ಸರಿಮಾಡಿರಿ. ಬಚ್ಚಲಿನ ಗೋಡೆಯ ಬೆನ್ನಿಗೆ ಪೆಟ್ಟಿಗೆ ಇಡಿಸಲೇಬೇಡಿರಿ.

ಹೊಳೆಸಾಲಿನವರಿಗೆ ಒಂದು ಬೇರೆ ಮಾತು. 2009ರಲ್ಲಿಯೂ 2019ರ ಆಗಸ್ಟಿನಲ್ಲಿಯೂ ನೆರೆ ಬಂದು ನಮ್ಮ ಜಿಲ್ಲೆಯ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಲ್ಲಿ ಮನೆಯೊಳಗೆ ನೀರು ಹೊಕ್ಕಿತು. ನೀರು ಇಳಿದ ಮೇಲೆ ಜನರಿಗೆ ಮೊದಲು ಬೇಕೆನಿಸುವುದು ಬೆಳಕು. ಆದರೆ ನೀರಲ್ಲಿ ಮುಳುಗಿದ ಪೆಟ್ಟಿಗೆ ಹೊರಗೆ ಒಣಗಿದಂತೆ ಕಂಡರೂ ಒಳಗೆ ರಾಡಿ ಕೂತಿರುತ್ತದೆ, ಪೈಪಿನಲ್ಲಿ ನೀರು ನಿಂತಿರುತ್ತದೆ. ಮುಳುಗಿದ ಸ್ವಿಚ್ಚು, ಪ್ಲಗ್ಗುಗಳನ್ನು ಒಗೆದು ಹೊಸವನ್ನು ಹಾಕಿಸಿರಿ. ತಂತಿಗಳನ್ನು ವೈರ್‌ಮನ್ನರು ಮೆಗ್ಗರ್ ಎಂಬ ಉಪಕರಣದಿಂದ ಪರೀಕ್ಷಿಸುತ್ತಾರೆ. ತಂತಿಗೂ ಭೂಮಿಗೂ ನಡುವೆ ಕನಿಷ್ಠ 1 ಮೆಗಾಓಮ್ ತಡೆ ಇರಬೇಕೆಂದು ನಿಯಮವಿದೆ. ಅದು ಬರುವವರೆಗೆ ಮೇನ್ ಏರಿಸಬಾರದು.

ಕಡೆಯದಾಗಿ ಫ್ಯೂಜಿನ ಮೇಲಿನ ಕುರುಡು ನಂಬಿಕೆ. "ಫ್ಯೂಜ್ ಐತೆಲ್ಲಾ, ಏನರ ಆದ್ರ ಹಾರತೈತಿ" ಎಂದು ಬಹಳ ಮಂದಿ ಹೇಳುತ್ತಾರೆ. ಲೆಕ್ಕ ಹಾಕಿ ನೋಡೋಣ. ಹಳೆಯ 60 ವ್ಯಾಟಿನ ಬಲ್ಬು ಉರಿಯಲು ಸುಮಾರು 260 ಮಿಲಿಆಂಪಿಯರ್ ಕರೆಂಟು ಬೇಕು. ಮನುಷ್ಯನ ಎದೆಯ ಮೂಲಕ ಹಾದು ಜೀವ ತೆಗೆಯಲು ಅಷ್ಟೂ ಬೇಡ, ಅದರ ಐದನೆಯ ಒಂದು ಪಾಲು ಕೆಲವು ಕ್ಷಣ ಹರಿದರೂ ಆಪತ್ತು. 5 ಆಂಪಿಯರಿನ ಫ್ಯೂಜು ಅಂದರೆ 5000 ಮಿಲಿಆಂಪಿಯರ್. ಬಲ್ಬು ಉರಿಯುವಾಗ ಹಾರದ ಫ್ಯೂಜು ಮನುಷ್ಯನಿಗೆ ಹಿಡಿದಾಗ ಹಾರುವುದೇ? ಫ್ಯೂಜು, ಎಂಸಿಬಿ ಇವು ತಂತಿಯನ್ನು ಕಾಯುತ್ತವೆ, ನಮ್ಮನ್ನಲ್ಲ. ನಮ್ಮನ್ನು ಕಾಯುವುದು ಆರ್‌ಸಿಸಿಬಿ ಎಂಬ ಸ್ವಿಚ್ಚು. ಹೋದ ಕರೆಂಟಿಗೂ ತಿರುಗಿ ಬಂದ ಕರೆಂಟಿಗೂ 30 ಮಿಲಿಆಂಪಿಯರಿನ ವ್ಯತ್ಯಾಸ ಬಂದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಮನೆಯನ್ನು ಬಂದ್ ಮಾಡುತ್ತದೆ. ಸಾವಿರ ಎರಡು ಸಾವಿರ ರೂಪಾಯಿ ಬೀಳುತ್ತದೆ. ಆ ಎಮ್ಮೆಯ ಅರ್ಧ ಹಾಲಿನ ನಷ್ಟದ ಮುಂದೆ ಇದು ದೊಡ್ಡದೇ? ಅದರ ಮೇಲೆ ಟಿ ಎಂದು ಬರೆದ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅಮಾವಾಸ್ಯೆಯ ದಿನ ಅದನ್ನು ಒತ್ತಿ, ಸ್ವಿಚ್ಚು ಬೀಳುತ್ತದೆಯೇ ಎಂದು ನೋಡಿರಿ.

ಅರ್ಥಿಂಗ್ ಕುಣಿಗೂ ಇದೇ ಮಾತು. ಇದ್ದಲು, ಉಪ್ಪು ಹಾಕಿ ಹುಗಿದ ಪೈಪು ಬ್ಯಾಸಿಗೆಯಲ್ಲಿ ಒಣಗಿ ಕೆಲಸ ಬಿಡುತ್ತದೆ. ತುಳಸಿಕಟ್ಟೆಗೆ ನೀರು ಹಾಕುವಾಗ ಅದಕ್ಕೂ ವಾರಕ್ಕೆರಡು ಸಲ ಒಂದು ಕೊಡ ನೀರು ಹಾಕಿರಿ.

ಯಾರಿಗಾದರೂ ಕರೆಂಟು ಹಿಡಿದರೆ ಅವರನ್ನು ಕೈಯಿಂದ ಮುಟ್ಟಬೇಡಿರಿ. ಮೊದಲು ಮೇನ್ ಇಳಿಸಿರಿ. ಇಳಿಸಲು ಆಗದಿದ್ದರೆ ಒಣ ಹಲಗೆಯ ಮೇಲೆ ನಿಂತು, ಒಣ ಕಟ್ಟಿಗೆಯಿಂದ ನೂಕಿರಿ. ಅವಸರದಲ್ಲಿ ಕೈಗೆ ಸಿಕ್ಕಿತೆಂದು ಹಸಿ ಕಬ್ಬಿನ ಗಳ, ಹಸಿ ಟೊಂಗೆ ತರಬೇಡಿರಿ, ಅವುಗಳೊಳಗೆ ಇರುವುದು ನೀರೇ. ಬಿಡಿಸಿದ ಮೇಲೆ ಉಸಿರು ಇಲ್ಲದಿದ್ದರೆ ಬೆನ್ನ ಮೇಲೆ ಮಲಗಿಸಿ, ಎದೆಯ ನಡುಗಂಬದ ಮೇಲೆ ಎರಡೂ ಅಂಗೈ ಇಟ್ಟು ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಬಲವಾಗಿ ಒತ್ತುತ್ತ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಗಾಡಿ ಬರುವವರೆಗೆ ಒತ್ತುವುದನ್ನು ಬಿಡಬೇಡಿರಿ. ಮಣ್ಣಲ್ಲಿ ಹುಗಿಯುವುದು, ಬಾಯಿಗೆ ನೀರು ಹಾಕುವುದು ಇವುಗಳಿಂದ ಹೊತ್ತು ಹೋಗುತ್ತದೆಯೇ ಹೊರತು ಜೀವ ಬರುವುದಿಲ್ಲ.

ಮೊನ್ನೆ ಬೀಜದ ಚೀಲ ಕೊಡಲು ಮತ್ತೆ ಆ ಮನೆಗೆ ಹೋಗಿದ್ದೆ. ಆಯಿ ನನ್ನನ್ನು ಕೂಡ್ರಿಸಿ ಒಂದು ಲೋಟ ಮಜ್ಜಿಗೆ ಕೊಟ್ಟರು. ಹಳೆಯ ತೂತಿಗೆ ಗೌಂಡಿ ಸುಣ್ಣದ ಗಾರೆ ತುಂಬಿ ಒರೆಸಿದ್ದ. ಮಾಳಿಗೆ ಮಾತ್ರ ಇನ್ನೂ ರಿಪೇರಿಯಾಗಿಲ್ಲ, ಅದನ್ನು ಹಿಂಗಾರಿ ರಾಶಿಯಾದ ಮೇಲೆ ಮಾಡಿಸುತ್ತಾರಂತೆ.